ರಸ್ಟ್‌ನಲ್ಲಿ ನನ್ನದೇ ಫೈಲ್ ಟೂಲ್‌ಗಳನ್ನು ಕಟ್ಟಿಕೊಂಡ ಬಗೆ

ಹಳೆಯ ಫೋಟೊಗಳು, ಸ್ಕ್ಯಾನ್ ಮಾಡಿದ ಕಾಗದಪತ್ರಗಳು, ಧ್ವನಿಮುದ್ರಣಗಳು ನನ್ನ ಡಿಸ್ಕುಗಳಲ್ಲಿ ಬೇಕಾದಷ್ಟಿವೆ. ಅವನ್ನು ವರ್ಷವಾರು ಫೋಲ್ಡರುಗಳಿಗೆ ಸಾಗಿಸುವುದಕ್ಕೆ ಒಂದು, ಒಂದೇ ಫೈಲಿನ ಎರಡೆರಡು ಪ್ರತಿಗಳನ್ನು ಹುಡುಕುವುದಕ್ಕೆ ಇನ್ನೊಂದು, ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂದು ನೋಡುವುದಕ್ಕೆ ಮತ್ತೊಂದು, ಹೀಗೆ ಮೂರು ಸಣ್ಣ ಕಮಾಂಡ್‌ಲೈನ್ ಟೂಲ್‌ಗಳನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಂಡೆ. ಕಮಾಂಡ್‌ಗಳನ್ನು ಸಾಲಾಗಿ ಬರೆದಿಡುವ ಶೆಲ್ ಸ್ಕ್ರಿಪ್ಟಿನಲ್ಲೂ ಆಗುತ್ತಿತ್ತು. ಆದರೆ ಸ್ಕ್ರಿಪ್ಟಿನಲ್ಲಿ ಒಂದು ಕಮಾಂಡ್ ವಿಫಲವಾದರೂ, ನಾವು ತಡೆಯದಿದ್ದರೆ, ಮುಂದಿನ ಸಾಲು ತನ್ನ ಪಾಡಿಗೆ ಓಡುತ್ತದೆ. ನಕಲು ಮಾಡುವ ಸಾಲು ಕೈಕೊಟ್ಟಾಗ ಅಳಿಸುವ ಸಾಲು ಓಡಬಾರದು. 2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್‌ನಲ್ಲಿ ಫೈಲನ್ನು ತೆರೆಯುವ, ಬರೆಯುವ, ಅಳಿಸುವ ಕರೆಗಳೆಲ್ಲ ‘ರಿಸಲ್ಟ್’ ಎಂಬ ಟೈಪನ್ನು ಕೊಡುತ್ತವೆ: ಕೆಲಸ ಆಯಿತು, ಇಲ್ಲವೇ ಇಂಥ ಕಾರಣಕ್ಕೆ ಆಗಲಿಲ್ಲ. ಅದನ್ನು ನೋಡದೆ ಮುಂದೆ ಹೋದರೆ, ಕೋಡನ್ನು ಯಂತ್ರಭಾಷೆಗೆ ಬದಲಿಸುವ ಕಂಪೈಲರ್ ಎಚ್ಚರಿಸುತ್ತದೆ. ಈ ಒಂದು ಗುಣಕ್ಕಾಗಿಯೇ ನಾನು ಈ ಭಾಷೆ ಹಿಡಿದೆ.

ಆರ್ಗ್ಯುಮೆಂಟ್‌ಗಳನ್ನು, ಅಂದರೆ ಕಮಾಂಡಿನ ಜೊತೆ ಕೊಡುವ ಫೈಲ್ ಹೆಸರು, ಆಯ್ಕೆ ಇತ್ಯಾದಿಗಳನ್ನು, ಬಿಡಿಸುವ ಕೆಲಸವನ್ನು ‘ಕ್ಲಾಪ್’ ಲೈಬ್ರರಿಗೆ ಬಿಟ್ಟೆ. ಅಲ್ಲಿ ಹೇಳಬೇಕಾದ್ದು ಒಂದೇ: ಫೈಲಿನ ಹೆಸರನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಎಂದು ಓದಬೇಡಿ. ಲಿನಕ್ಸ್‌ನಲ್ಲಿ ಓರೆಗೆರೆ ಮತ್ತು ಸೊನ್ನೆ ಬೈಟ್ ಬಿಟ್ಟು ಬೇರೆ ಯಾವ ಬೈಟಾದರೂ ಹೆಸರಿನಲ್ಲಿ ಬರಬಹುದು. ಅದು ಸರಿಯಾದ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಆಗಿರಲೇಬೇಕೆಂದಿಲ್ಲ. ಆರ್ಗ್ಯುಮೆಂಟ್ ಓದುವ ಮಾಮೂಲಿ ‘ಆರ್ಗ್ಸ್’ ಫಂಕ್ಷನ್ ಅಂಥ ಹೆಸರು ಕಂಡೊಡನೆ ಪ್ಯಾನಿಕ್ ಆಗಿ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಹಾಗಾಗಿ ನಾನು ಆರಂಭದಿಂದ ಕೊನೆಯವರೆಗೂ ಹೆಸರನ್ನು, ಫೈಲಿನ ಹಾದಿಗೆಂದೇ ಇರುವ ‘ಪಾತ್‌ಬಫ್’ ಟೈಪ್ ಆಗಿಯೇ ಇಟ್ಟುಕೊಳ್ಳುತ್ತೇನೆ. ಪರದೆಯ ಮೇಲೆ ತೋರಿಸುವಾಗ ಮಾತ್ರ ಅಕ್ಷರಗಳಿಗೆ ಬದಲಾಯಿಸುತ್ತೇನೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಇದನ್ನು ಇನ್ನೂ ಹತ್ತಿರದಿಂದ ನೋಡಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾದ ಇಎಕ್ಸ್‌ಟಿ4 ಫೈಲ್‌ಸಿಸ್ಟಂನಲ್ಲಿ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಒಂದು ಹೆಸರಿಗೆ 255 ಬೈಟ್‌ಗಳ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಯುನಿಕೋಡ್ ಒಂದೊಂದು ಅಕ್ಷರಕ್ಕೆ, ಚಿಹ್ನೆಗೆ ಕೊಟ್ಟ ಸಂಖ್ಯೆ) 3 ಬೈಟ್ ತೆಗೆದುಕೊಳ್ಳುತ್ತದೆ, ಅಂದರೆ ಹೆಚ್ಚೆಂದರೆ 85. ‘ಕ್ಷ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಡಿಸ್ಕಿನ ಮಟ್ಟಿಗೆ ಕ, ವಿರಾಮ (ಸ್ವರ ಇಲ್ಲವೆಂದು ತೋರಿಸುವ ಚಿಹ್ನೆ), ಷ ಸೇರಿ 9 ಬೈಟ್. ಒಂದೇ ಹೆಸರಿನ ಫೈಲ್ ಎದುರಾದರೆ ನನ್ನ ಟೂಲ್ ಹೆಸರಿನ ಕೊನೆಗೆ ಅಂಕಿ ಸೇರಿಸುತ್ತದೆ. ಉದ್ದ ಹೆಸರಿಗೆ ಅದು ಮಿತಿ ದಾಟಿಸುತ್ತದೆ. ಆಗ ಬಾಲ ಕತ್ತರಿಸಬೇಕು, ಕತ್ತರಿಸುವಾಗ ಅಕ್ಷರಕ್ಕೂ ಅದರ ಸ್ವರಚಿಹ್ನೆಗೂ ನಡುವೆ ಕತ್ತರಿ ಬೀಳಬಾರದು. ಇದಕ್ಕೆ ‘ಯುನಿಕೋಡ್-ಸೆಗ್ಮೆಂಟೇಶನ್’ ಲೈಬ್ರರಿ ಬಳಸಿದೆ. ಇನ್ನೊಂದು ಸಂಗತಿ: ‘ಕೋ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಕೋಡ್‌ಪಾಯಿಂಟ್ ಆಗಿಯೂ ಬರೆಯಬಹುದು, ಮೂರು ಬಿಡಿ ಕೋಡ್‌ಪಾಯಿಂಟ್‌ಗಳ ಸರಣಿಯಾಗಿಯೂ ಬರೆಯಬಹುದು. ನೋಡಲು ಒಂದೇ ಥರ ಇರುವ ಎರಡು ಹೆಸರುಗಳು ಒಂದೇ ಫೋಲ್ಡರಿನಲ್ಲಿ ಕೂತಿರಲು ಸಾಧ್ಯ. ಟೂಲ್ ಇಂಥ ಜೋಡಿಯನ್ನು ಕಂಡರೆ ಹೇಳುತ್ತದೆ. ತಾನಾಗಿ ಒಂದು ಮಾಡುವುದಿಲ್ಲ.

ಹೆಚ್ಚು ಯೋಚನೆ ಬೇಡಿದ್ದು ಸಾಗಿಸುವ ಟೂಲ್. ಒಂದೇ ಫೈಲ್‌ಸಿಸ್ಟಂ ಒಳಗಾದರೆ ‘ರೀನೇಮ್’ ಸಾಕು. ಅಲ್ಲಿ ಫೈಲಿನೊಳಗಿನ ಬೈಟ್ ಒಂದೂ ಅಲುಗುವುದಿಲ್ಲ, ಫೋಲ್ಡರಿನ ದಾಖಲೆ ಮಾತ್ರ ಬದಲಾಗುತ್ತದೆ. ಹಾಗಾಗಿ ಎಷ್ಟು ದೊಡ್ಡ ವಿಡಿಯೊ ಆದರೂ ಕ್ಷಣದಲ್ಲಿ ಮುಗಿಯುತ್ತದೆ. ಗುರಿ ಇನ್ನೊಂದು ಡಿಸ್ಕಿನಲ್ಲಿದ್ದರೆ ಲಿನಕ್ಸ್ 18ನೇ ಸಂಖ್ಯೆಯ ಎರರ್ ಕೊಟ್ಟು ನಿಲ್ಲಿಸುತ್ತದೆ. ಅದರ ಹೆಸರು ‘ಎಕ್ಸ್‌ಡೆವ್’. ಆಗ ನಕಲು ಮಾಡಿ ಮೂಲ ಅಳಿಸಬೇಕು, ಅನುಕ್ರಮ ತಪ್ಪಬಾರದು. ನಾನು ಗುರಿಯ ಫೋಲ್ಡರಿನಲ್ಲೇ ತಾತ್ಕಾಲಿಕ ಹೆಸರಿನಲ್ಲಿ ಬರೆದು, ‘ಸಿಂಕ್ ಆಲ್’ ಕರೆದು ಬೈಟ್‌ಗಳು ಡಿಸ್ಕಿಗೆ ಇಳಿಯುವವರೆಗೆ ಕಾದು, ಆಮೇಲೆ ನಿಜವಾದ ಹೆಸರು ಕೊಟ್ಟು, ಫೋಲ್ಡರನ್ನೂ ಸಿಂಕ್ ಮಾಡಿ, ಕೊನೆಗೆ ಮೂಲವನ್ನು ಅಳಿಸುತ್ತೇನೆ. ನಡುವೆ ಕರೆಂಟ್ ಹೋದರೂ ಮೂಲ ಫೈಲ್ ಇದ್ದಲ್ಲೇ ಇರುತ್ತದೆ. ರಸ್ಟ್‌ನ ‘ಕಾಪಿ’ ಫಂಕ್ಷನ್ ಅನುಮತಿಗಳನ್ನು ಒಯ್ಯುತ್ತದೆ, ಕೊನೆಯ ಬದಲಾವಣೆಯ ಸಮಯವನ್ನು ಒಯ್ಯುವುದಿಲ್ಲ. ವರ್ಷ ನೋಡಿ ವಿಂಗಡಿಸುವ ನನಗೆ ಆ ಸಮಯವೇ ಮುಖ್ಯ. 1.75ನೇ ಆವೃತ್ತಿಯಿಂದ ‘ಸೆಟ್ ಟೈಮ್ಸ್’ ಇರುವುದರಿಂದ ಅದನ್ನು ಬೇರೆಯಾಗಿ ಕೂರಿಸುತ್ತೇನೆ.

ಗುರಿಯಲ್ಲಿ ಅದೇ ಹೆಸರಿನ ಫೈಲ್ ಇದ್ದರೆ ‘ರೀನೇಮ್’ ಮರುಮಾತಿಲ್ಲದೆ ಅದನ್ನು ಬದಲಾಯಿಸಿಬಿಡುತ್ತದೆ. ಮೊದಲು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಸಾಗಿಸು ಎಂದು ಬರೆದರೂ ಸಾಲದು. ನೋಡಿದ ಕ್ಷಣಕ್ಕೂ ಸಾಗಿಸಿದ ಕ್ಷಣಕ್ಕೂ ನಡುವೆ ಇನ್ನೊಂದು ಪ್ರೋಗ್ರಾಂ ಅಲ್ಲಿ ಫೈಲ್ ಬರೆದಿರಬಹುದು. ಮೆಮೊರಿಯಲ್ಲಿ ನಡೆಯುವ ಡೇಟಾ ರೇಸನ್ನು, ಅಂದರೆ ಒಂದೇ ಡೇಟಾಗೆ ಎರಡು ಕಡೆಯಿಂದ ಒಟ್ಟಿಗೆ ಕೈಹಾಕುವ ಪೈಪೋಟಿಯನ್ನು, ರಸ್ಟ್ ಕಂಪೈಲರ್ ತಡೆಯುತ್ತದೆ, ಡಿಸ್ಕಿನ ಮೇಲಿನದನ್ನು ತಡೆಯಲಾರದು. ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ, ಫೋಲ್ಡರನ್ನು ಪೂರ್ತಿ ಅಳಿಸುವ ಫಂಕ್ಷನ್ನಿನಲ್ಲಿ ಇದೇ ಜಾತಿಯ ಬಿರುಕು ಇತ್ತು. 2022ರ ಜನವರಿಯಲ್ಲಿ 1.58.1 ಆವೃತ್ತಿ ಅದನ್ನು ಮುಚ್ಚಿತು. ನೋಡುವುದು, ಮಾಡುವುದು ಎರಡನ್ನೂ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಂದೇ ಏಟಿಗೆ ಮಾಡಬೇಕು. ನಾನು ನೆಚ್ಚಿಕೊಂಡ ದಾರಿ ಹಾರ್ಡ್‌ಲಿಂಕ್, ಅಂದರೆ ಅದೇ ಫೈಲಿಗೆ ಇನ್ನೊಂದು ಹೆಸರು: ಹೊಸ ಹೆಸರಿಗೆ ಹಾರ್ಡ್‌ಲಿಂಕ್ ಕಟ್ಟು, ಆಮೇಲೆ ಹಳೆಯ ಹೆಸರು ತೆಗೆ. ಹೊಸ ಹೆಸರು ಮೊದಲೇ ಇದ್ದರೆ ಲಿಂಕ್ ಕಟ್ಟುವ ಕರೆಯೇ ವಿಫಲವಾಗುತ್ತದೆ, ಏನೂ ಹಾಳಾಗುವುದಿಲ್ಲ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಎಕ್ಸ್‌ಫ್ಯಾಟ್ ಫೈಲ್‌ಸಿಸ್ಟಂನಲ್ಲಿ ಹಾರ್ಡ್‌ಲಿಂಕ್ ಇಲ್ಲ. ಅಲ್ಲಿ ‘ಕ್ರಿಯೇಟ್ ನ್ಯೂ’ ಎಂಬ ಆಯ್ಕೆಯಿಂದ ಗುರಿಯ ಫೈಲನ್ನು ನೇರವಾಗಿ ತೆರೆದು ಬರೆಯುತ್ತೇನೆ. ಆ ಆಯ್ಕೆ ಹಳೆಯ ಫೈಲನ್ನು ಎಂದೂ ತೆರೆಯುವುದಿಲ್ಲ.

ಎರಡೆರಡು ಪ್ರತಿಗಳನ್ನು ಹುಡುಕುವ ಟೂಲ್ ಇದಕ್ಕಿಂತ ಸಲೀಸು. ಮೊದಲು ಗಾತ್ರದ ಪ್ರಕಾರ ಗುಂಪು ಮಾಡಿದರೆ, ಗಾತ್ರದಲ್ಲಿ ಜೊತೆಯಿಲ್ಲದ ಫೈಲುಗಳನ್ನು ತೆರೆಯುವ ಅಗತ್ಯವೇ ಬರುವುದಿಲ್ಲ. ಉಳಿದವಕ್ಕೆ ‘ಬ್ಲೇಕ್3’ ಹ್ಯಾಶ್, ಅಂದರೆ ಫೈಲಿನ ಬೈಟ್‌ಗಳಿಂದ ಲೆಕ್ಕಹಾಕಿದ ಗುರುತು; ಅದು ಹೊಂದಿದರೆ ಪ್ರತಿ. ಡಿವೈಸ್ ಸಂಖ್ಯೆ, ಐನೋಡ್ ಸಂಖ್ಯೆ (ಫೈಲ್‌ಸಿಸ್ಟಂ ಆ ಫೈಲಿಗೆ ಕೊಟ್ಟ ಸಂಖ್ಯೆ) ಎರಡೂ ಒಂದೇ ಆಗಿದ್ದರೆ ಅವು ಪ್ರತಿಗಳಲ್ಲ, ಒಂದೇ ಫೈಲಿನ ಎರಡು ಹೆಸರು. ಒಂದನ್ನು ಅಳಿಸಿದರೆ ಜಾಗ ಉಳಿಯದು. ಇನ್ನೊಂದು ಹಾದಿಯತ್ತ ಕೈತೋರುವ ಸಿಮ್‌ಲಿಂಕ್‌ಗಳ ಹಿಂದೆ ಹೋಗದಿರಲು ‘ಸಿಮ್‌ಲಿಂಕ್ ಮೆಟಾಡೇಟಾ’ ಬಳಸುತ್ತೇನೆ, ಇಲ್ಲವಾದರೆ ತನ್ನ ಮೇಲಿನ ಫೋಲ್ಡರನ್ನೇ ತೋರಿಸುವ ಲಿಂಕಿನಲ್ಲಿ ಸುತ್ತು ಹಾಕಬೇಕಾಗುತ್ತದೆ.

ಟೂಲ್‌ಗಳು ಒಂದಕ್ಕೊಂದು ಹೊಂದಿಕೊಳ್ಳಬೇಕಾದರೆ ಔಟ್‌ಪುಟ್ ಚೊಕ್ಕವಾಗಿರಬೇಕು. ಫಲಿತಾಂಶ ಸ್ಟ್ಯಾಂಡರ್ಡ್ ಔಟ್‌ಪುಟ್ಟಿಗೆ, ದೂರು ಸ್ಟ್ಯಾಂಡರ್ಡ್ ಎರರಿಗೆ, ಏನಾದರೂ ಕೆಟ್ಟಿದ್ದರೆ ಸೊನ್ನೆಯಲ್ಲದ ಎಕ್ಸಿಟ್ ಕೋಡ್. ಹೆಸರಿನೊಳಗೆ ಹೊಸಸಾಲಿನ ಚಿಹ್ನೆಯೂ ಇರಬಹುದಾದ್ದರಿಂದ ಸೊನ್ನೆ ಬೈಟಿನಿಂದ ಬೇರ್ಪಡಿಸಿ ಮುದ್ರಿಸುವ ಆಯ್ಕೆಯನ್ನೂ ಇಟ್ಟಿದ್ದೇನೆ.

ಇವನ್ನೆಲ್ಲ ಪರೀಕ್ಷಿಸಲು ಎರಡನೇ ಡಿಸ್ಕ್ ಬೇಕಾಗಿಲ್ಲ. ಲಿನಕ್ಸ್‌ನಲ್ಲಿ ‘ಡೆವ್’ ಅಡಿಯ ‘ಎಸ್‌ಎಚ್‌ಎಂ’ ಸಾಮಾನ್ಯವಾಗಿ ಮೆಮೊರಿಯಲ್ಲಿರುವ ಪ್ರತ್ಯೇಕ ಫೈಲ್‌ಸಿಸ್ಟಂ. ಮನೆಯ ಫೋಲ್ಡರಿನಿಂದ ಅಲ್ಲಿಗೆ ಸಾಗಿಸಿದರೆ ಎಕ್ಸ್‌ಡೆವ್ ದಾರಿ ಪರೀಕ್ಷೆಯಾಗುತ್ತದೆ. ತುಂಬಿದ ಡಿಸ್ಕಿನ ಪರೀಕ್ಷೆಗೆ ‘ಡೆವ್’ ಅಡಿಯ ‘ಫುಲ್’ ಇದೆ, ಅದಕ್ಕೆ ಏನು ಬರೆದರೂ ಜಾಗವಿಲ್ಲ ಎಂಬ ಎರರ್ ಬರುತ್ತದೆ. ಬರಹವನ್ನು ಮೊದಲು ಮೆಮೊರಿಯ ಬಫರಿನಲ್ಲಿ ಕೂಡಿಟ್ಟು ಆಮೇಲೆ ಒಟ್ಟಿಗೆ ಬರೆಯುವ ‘ಬಫ್‌ರೈಟರ್’ ಬಳಸುವವರು ಇದನ್ನು ಖಂಡಿತ ಓಡಿಸಿ ನೋಡಬೇಕು. ಸಣ್ಣ ಬರಹ ಬಫರಿನಲ್ಲೇ ಉಳಿದಿರುವುದರಿಂದ ‘ರೈಟ್’ ಕರೆ ಎಲ್ಲ ಸರಿಯಾಯಿತು ಎನ್ನುತ್ತದೆ. ಕೆಲಸ ಮುಗಿದ ಬಫರನ್ನು ರಸ್ಟ್ ತಾನಾಗಿ ಬಿಟ್ಟುಕೊಡುವಾಗ (ಡ್ರಾಪ್) ಬಂದ ಎರರ್ ಯಾರಿಗೂ ತಲುಪುವುದಿಲ್ಲ, ಕಂಪೈಲರ್ ಕೂಡ ಇಲ್ಲಿ ಎಚ್ಚರಿಸದು. ಮೂಲ ಫೈಲನ್ನು ಅಳಿಸುವ ಸಾಲಿಗೆ ಮುಂಚೆ ನಾವೇ ಬಫರನ್ನು ಖಾಲಿ ಮಾಡುವ ‘ಫ್ಲಶ್’ ಕರೆದು ಅದರ ರಿಸಲ್ಟ್ ನೋಡಬೇಕು.