ಮೆಲ್ಬರ್ನ್‌ಗೆ ಹೋಗುವ ಮೈಸೂರಿನ ಹಿರಿಯರಿಗೆ: ಹಳೆಯ ಟ್ರಾಮ್ ಯಾವಾಗ, ಹೊಸದು ಯಾವಾಗ?

ಮಕ್ಕಳ ಮನೆಗೆಂದು ಮೈಸೂರಿನಿಂದ ಮೆಲ್ಬರ್ನ್‌ಗೆ ಹೋಗುವ ತಂದೆತಾಯಂದಿರು, ಮನೆಯವರೆಲ್ಲ ಕೆಲಸಕ್ಕೆ ಹೊರಟ ಮೇಲೂ ಯಾರನ್ನೂ ಕಾಯದೆ ಊರು ನೋಡಬಹುದಾದ ವಾಹನವೆಂದರೆ ರಸ್ತೆಯಲ್ಲಿ ಹಳಿಗಳ ಮೇಲೆ ಓಡುವ ಟ್ರಾಮ್. ಅಲ್ಲಿ ಹಳೆಯವೂ ಹೊಸವೂ ಓಡುವುದರಿಂದ, ಯಾವುದನ್ನು ಯಾವುದಕ್ಕೆ ಬಳಸಬೇಕೆಂದು ಹೊರಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ನಗರದ ನಡುಭಾಗವನ್ನು ಸುತ್ತುವ 35ನೇ ಮಾರ್ಗದ ಸಿಟಿ ಸರ್ಕಲ್‌ನಲ್ಲಿ ಹಳೆಯ ಡಬ್ಲ್ಯೂ ಮಾದರಿಯ ಟ್ರಾಮ್‌ಗಳಿವೆ, ಟಿಕೆಟ್ ಬೇಕಿಲ್ಲ. ಈ ಮಾದರಿಯನ್ನು 1923ರಿಂದ 1956ರವರೆಗೆ ಕಟ್ಟಿದರು. ಬಾಗಿಲಿರುವ ನಡುಭಾಗ ತಗ್ಗಾಗಿಯೂ ಎರಡು ತುದಿಗಳು ಎತ್ತರವಾಗಿಯೂ ಇರುವುದರಿಂದ, ಮಂಡಿನೋವಿರುವವರು ಹತ್ತಿದ ಕೂಡಲೇ ನಡುವೆಯೇ ಕುಳಿತುಬಿಡಬೇಕು. ಅಲ್ಲಿ ಕುಲುಕಾಟವೂ ಕಡಿಮೆ. ಹೊರಡುವಾಗ ಗಾಡಿ ಸಣ್ಣಗೆ ಜಗ್ಗುತ್ತದೆ, ಆದ್ದರಿಂದ ಕಂಬವನ್ನು ಬಿಡಬೇಡಿ. ಬ್ರೇಕಿನ ಗಾಳಿ ಬುಸ್ಸೆನ್ನುವುದು, ಮರದ ಚೌಕಟ್ಟು ಕಿರುಗುಟ್ಟುವುದು, ತಿರುವಿನಲ್ಲಿ ಗಾಲಿ ಹಳಿಗೆ ಉಜ್ಜಿ ಕೀಚಲು ದನಿ ಹೊರಡಿಸುವುದು ಇವೆಲ್ಲ ಈ ಪ್ರಯಾಣದ ಸೊಗಸೇ ಹೊರತು ಕೊರತೆಯಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ನಮ್ಮ ರೈಲ್ವೆ ಮ್ಯೂಸಿಯಂನಲ್ಲಿರುವ 1899ರ ಮಹಾರಾಣಿಯ ಸಲೂನ್ ರೈಲುಬೋಗಿಯನ್ನು ನಿಂತು ನೋಡಿದವರಿಗೆ, ಅಂಥ ಹಳೆಯ ಮರಗೆಲಸದ ನಡುವೆ ಕುಳಿತು ಊರು ಸುತ್ತುವುದು ಎಷ್ಟು ದೊಡ್ಡ ಭಾಗ್ಯವೆಂದು ಹೇಳಬೇಕಾಗಿಲ್ಲ. ಆದರೆ ಜನವರಿ ಅಲ್ಲಿ ಬೇಸಿಗೆ. ಬಿಸಿಲೇರುವ ಮೊದಲು, ಬೆಳಗಿನ ಹೊತ್ತಿನಲ್ಲಿ ಹೋಗಿ.

ದೂರ ಹೋಗುವುದಿದ್ದರೆ ಮಾತ್ರ ಯೋಚಿಸದೆ ಹೊಸದನ್ನೇ ಹಿಡಿಯಿರಿ. ಸೇಂಟ್ ಕಿಲ್ಡಾ ಕಡಲತೀರಕ್ಕೆ ಹೋಗುವ 96ನೇ ಮಾರ್ಗದಲ್ಲಿ 2013ರಲ್ಲಿ ಬಂದ ಇ ಮಾದರಿಯ ಟ್ರಾಮ್‌ಗಳಿವೆ. ಸುಮಾರು 33 ಮೀಟರ್ ಉದ್ದ, ಒಳಗೆ ಹವಾನಿಯಂತ್ರಣ. ಎತ್ತರಿಸಿದ ಕಟ್ಟೆಯಿರುವ ನಿಲ್ದಾಣದಲ್ಲಿ ಒಂದು ಮೆಟ್ಟಿಲನ್ನೂ ಏರದೆ, ಚಾಮುಂಡಿ ಬೆಟ್ಟದ ವೋಲ್ವೊ ಬಸ್ಸಿಗಿಂತಲೂ ಸಲೀಸಾಗಿ ಒಳಗೆ ನಡೆಯಬಹುದು. ನಗರದ ನಡುವೆ ಟ್ರಾಮ್‌ಗೆ ಟಿಕೆಟ್ ಬೇಕಿಲ್ಲದ ಉಚಿತ ವಲಯವನ್ನು ಈ ಮಾರ್ಗ ದಾಟುವುದರಿಂದ, ಟಿಕೆಟ್ಟಾಗಿ ಬಳಸುವ ಮೈಕಿ ಕಾರ್ಡ್ ಜೊತೆಗಿರಲಿ.

ಇಳಿಯುವಾಗ ಹಳೆಯದು, ಹೊಸದು ಎಂಬ ಭೇದವಿಲ್ಲದೆ ಒಂದು ಎಚ್ಚರ ಅಗತ್ಯ. ಎಲ್ಲ ನಿಲ್ದಾಣಗಳಲ್ಲೂ ಕಟ್ಟೆಯಿಲ್ಲ. ಹಲವೆಡೆ ನೇರವಾಗಿ ರಸ್ತೆಗೇ ಇಳಿಯಬೇಕು. ಟ್ರಾಮ್ ನಿಂತಾಗ ಕಾರುಗಳೂ ಹಿಂದೆ ನಿಲ್ಲಬೇಕೆಂಬ ನಿಯಮವಿದ್ದರೂ, ಬಾಗಿಲಲ್ಲೇ ನಿಂತು ಹಿಂದಿನಿಂದ ವಾಹನ ಬರುತ್ತಿದೆಯೇ ಎಂದು ನೋಡಿಕೊಂಡ ನಂತರವೇ ಕಾಲು ಕೆಳಗಿಡಿ.