ಕರೆಂಟ್ ಹೋದ ಮೇಲೂ ಬದುಕಿದ್ದ ಸಾಕೆಟ್‌ಗಳು: ಪಂಪ್‌ಸೆಟ್ ಸರ್ವರ್ ಸರಿಪಡಿಸಿದ ನನ್ನ ಅನುಭವ

ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಯ ತೋಟಗಳಲ್ಲಿ ನಾವು ಕೂರಿಸಿರುವ ಸುಮಾರು 1,800 ಪಂಪ್‌ಸೆಟ್ ಬೋರ್ಡುಗಳು (ಮೊಬೈಲ್‌ನಿಂದ ಮೋಟರ್ ಆನ್, ಆಫ್ ಮಾಡಿಸುವ ಸಾಧನಗಳು) ಹದಿನಾಲ್ಕು ತಿಂಗಳಿಂದ ಒಂದೇ ಒಂದು ಸಣ್ಣ ಸರ್ವರ್‌ನೊಂದಿಗೆ, ನಾನೇ ಸಿ ಭಾಷೆಯಲ್ಲಿ ಬರೆದ ಟಿಸಿಪಿ (ಎರಡು ಯಂತ್ರಗಳ ನಡುವೆ ಸಂಪರ್ಕ ಕಟ್ಟಿ ಡೇಟಾ ಸಾಗಿಸುವ ಇಂಟರ್ನೆಟ್ ಕ್ರಮ) ಪ್ರೋಗ್ರಾಮ್‌ನ ಮೂಲಕ, ಎಡೆಬಿಡದೆ ಮಾತನಾಡುತ್ತಿವೆ. ಸರ್ವರ್‌ಗೆ ತಿಂಗಳಿಗೆ ನಾನು ಕೊಡುವ ಬಾಡಿಗೆ ಹೆಚ್ಚುಕಡಿಮೆ 1,800 ರೂಪಾಯಿ, ಅಂದರೆ ಒಂದು ಬೋರ್ಡಿಗೆ ಒಂದು ರೂಪಾಯಿ. ಇದೇ ಕೆಲಸಕ್ಕೆ ಒಂದು ಕ್ಲೌಡ್ ಕಂಪನಿಯವರು ಬೋರ್ಡಿಗೆ ತಿಂಗಳಿಗೆ 40 ರೂಪಾಯಿಯಂತೆ 72,000 ಕೇಳಿದ್ದರು. ಸಾಕೆಟ್ (ಒಂದು ಸಂಪರ್ಕದ ನಮ್ಮ ಕಡೆಯ ತುದಿ) ಕೋಡ್ ನಾವೇ ಬರೆದು ಇಷ್ಟು ಬೋರ್ಡು ನಿಭಾಯಿಸಲು ಆಗುವುದಿಲ್ಲ, ಸಿಮ್ ಬದಲಿಸಿ, ಇಲ್ಲವೇ ಪ್ಲಾಟ್‌ಫಾರ್ಮ್ ಕೊಂಡುಕೊಳ್ಳಿ ಎಂದು ನನ್ನ ಪಾಲುದಾರರಿಂದ ಹಿಡಿದು ಬೆಂಗಳೂರಿನ ಸ್ನೇಹಿತರವರೆಗೆ ಎಲ್ಲರೂ ಹೇಳಿದ್ದರು. ಅವರ ಮಾತು ಕೇಳಿ ಸುಮಾರು 300 ಸಿಮ್ ಬದಲಿಸಿದ್ದೂ ಆಯಿತು. ಸಿಮ್ ಮತ್ತು ಓಡಾಟ ಸೇರಿ ಒಂದು ಲಕ್ಷದ ಹತ್ತಿರ ಹೋಯಿತು, ಆಜ್ಞೆ ಬೋರ್ಡಿಗೆ ಮುಟ್ಟದ ತೊಂದರೆ ಮಾತ್ರ ಇದ್ದಲ್ಲೇ ಇತ್ತು.

ತೊಂದರೆಯ ನಿಜವಾದ ಸ್ವರೂಪ ತಿಳಿದದ್ದು ಹಿರಿಯೂರು ಕಡೆಯ ಒಬ್ಬ ದಾಳಿಂಬೆ ಬೆಳೆಗಾರರ ಫೋನಿನಿಂದ. ರಾತ್ರಿ ಎರಡೂವರೆ ಗಂಟೆ. “ಸಾರ್, ಮೊಬೈಲ್‌ನಾಗೆ ಮೋಟ್ರು ಆನ್ ಅಂತ ತೋರಿಸ್ತೈತೆ. ನಾನು ಬೋರಿನ ಹತ್ರಾನೇ ನಿಂತಿದೀನಿ. ಸ್ಟಾರ್ಟರ್ ಲೈಟ್ ಹತ್ತಿಲ್ಲ, ಪೈಪಿಗೆ ಕೈ ಇಟ್ರೆ ನೀರಿನ ಸದ್ದೇ ಇಲ್ಲ” ಎಂದರು. ನಾನು ಎದ್ದು ಸರ್ವರ್ ನೋಡಿದರೆ ಲಾಗ್‌ನಲ್ಲಿ ಆಜ್ಞೆ ಹೋಗಿದೆ, ಸೆಂಡ್ ಕರೆ (ಡೇಟಾ ಕಳಿಸುವ ಆದೇಶ) ಯಶಸ್ವಿಯಾಗಿದೆ, ಸಾಕೆಟ್ ಎಸ್ಟ್ಯಾಬ್ಲಿಷ್ಡ್ (ಸಂಪರ್ಕ ಇದೆ ಎಂಬ) ಸ್ಥಿತಿಯಲ್ಲಿದೆ. ಅದೇ ಬೋರ್ಡಿನ ಹೆಸರಿನಲ್ಲಿ ಮೂರು ಸಾಕೆಟ್‌ಗಳಿದ್ದವು, ಮೂರೂ ಜೀವಂತವಾಗಿರುವಂತೆಯೇ ಕಾಣುತ್ತಿದ್ದವು. ನನ್ನ ಪ್ರೋಗ್ರಾಮ್ ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೆ ಆಜ್ಞೆ ಕಳಿಸಿತ್ತು.

ನಮ್ಮ ಕಡೆ ಕೃಷಿ ಫೀಡರ್‌ಗೆ (ತೋಟಗಳಿಗೆ ಕರೆಂಟ್ ತರುವ ಲೈನಿಗೆ) ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆಯ ಲೆಕ್ಕದಲ್ಲಿ, ಅದೂ ಪಾಳಿಯ ಮೇಲೆ. ಕರೆಂಟ್ ಹೋದ ಕ್ಷಣದಲ್ಲಿ ಬ್ಯಾಟರಿ ಇಲ್ಲದ ಬೋರ್ಡು ಫಿನ್ ಪ್ಯಾಕೆಟ್ (ಸಂಪರ್ಕ ಮುಗಿಸುತ್ತಿದ್ದೇನೆ ಎಂಬ ಸಂದೇಶ) ಕಳಿಸುವಷ್ಟು ಹೊತ್ತೂ ಬದುಕಿರುವುದಿಲ್ಲ. ಸರ್ವರ್‌ಗೆ ಆ ಸಾವಿನ ಸುದ್ದಿಯೇ ಮುಟ್ಟುವುದಿಲ್ಲ. ಮತ್ತೆ ಕರೆಂಟ್ ಬಂದಾಗ ಬೋರ್ಡು ಹೊಸ ಸಂಪರ್ಕ ಮಾಡುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಸೆಂಡ್ ಯಶಸ್ವಿಯಾಯಿತು ಎಂದರೆ ಬೈಟ್‌ಗಳನ್ನು ನಮ್ಮ ಸರ್ವರ್‌ನ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ತನ್ನ ಬಫರ್‌ಗೆ (ತಾತ್ಕಾಲಿಕ ಜಾಗಕ್ಕೆ) ತೆಗೆದುಕೊಂಡಿತು ಎಂದಷ್ಟೇ ಅರ್ಥ ಎಂಬುದು ನಮಗೆಲ್ಲ ಗೊತ್ತು. ಆದರೂ ಆ ಯಶಸ್ಸನ್ನೇ ನಾನು ಮೊಬೈಲ್ ಪರದೆಯ ಮೇಲೆ “ಆನ್” ಎಂದು ತೋರಿಸುತ್ತಿದ್ದೆ. ಅದನ್ನು ಮೊದಲು ಕಿತ್ತುಹಾಕಿದೆ. ಈಗ ಸ್ಟಾರ್ಟರ್‌ನ ಕರೆಂಟ್ ಸೆನ್ಸರ್ ಓದಿ ಬೋರ್ಡು ಉತ್ತರ ಕಳಿಸಿದ ಮೇಲೆಯೇ ಪರದೆಯ ಬಣ್ಣ ಬದಲಾಗುತ್ತದೆ. ಅಲ್ಲಿಯವರೆಗೆ “ಕಳಿಸಲಾಗಿದೆ” ಎಂದಿರುತ್ತದೆ.

ಸತ್ತ ಸಾಕೆಟ್‌ಗಳನ್ನು ಗುಡಿಸಲು ಎಲ್ಲರಂತೆ ನಾನೂ ಮೊದಲು ಕೀಪ್‌ಅಲೈವ್ (ಮೌನವಾಗಿರುವ ತುದಿ ಬದುಕಿದೆಯೇ ಎಂದು ಕರ್ನಲ್ ಆಗಾಗ ವಿಚಾರಿಸುವ ಕ್ರಮ) ಹಾಕಿದೆ. ಲಿನಕ್ಸ್‌ನಲ್ಲಿ ಮೂಲ ಲೆಕ್ಕ 7,200 ಸೆಕೆಂಡು ಮೌನ, ಆಮೇಲೆ 75 ಸೆಕೆಂಡಿಗೊಂದರಂತೆ 9 ಪ್ರಯತ್ನ, ಒಟ್ಟು ಎರಡು ಗಂಟೆ ಹನ್ನೊಂದು ನಿಮಿಷ. ಅದನ್ನು 60 ಸೆಕೆಂಡಿಗೆ ಇಳಿಸಿದೆ. ಸುಮ್ಮನಿದ್ದ ಸಾಕೆಟ್‌ಗಳು ಬೇಗ ಹೋದವು, ಆದರೆ ಆಜ್ಞೆ ಕಳಿಸಿದ್ದ ಸಾಕೆಟ್‌ಗಳು ಕಾಲು ಗಂಟೆಗೂ ಮೀರಿ ಉಳಿದವು. ಇದರ ಕಾರಣ ಹುಡುಕಲು ನನಗೆ ಒಂದು ವಾರ ಬೇಕಾಯಿತು. ಆಕ್ (ತಲುಪಿತು ಎಂಬ ಉತ್ತರ) ಬಾರದ ಡೇಟಾ ಬಫರ್‌ನಲ್ಲಿ ಇರುವವರೆಗೆ ಕೀಪ್‌ಅಲೈವ್‌ಗೆ ಕೆಲಸವೇ ಇಲ್ಲ, ಆಗ ನಡೆಯುವುದು ಮರುಪ್ರಸಾರದ ಆಟ, ಅದರ ಮಿತಿ ಹದಿನೈದು ಪ್ರಯತ್ನ, ಅದಕ್ಕೆ ಕನಿಷ್ಠ 924 ಸೆಕೆಂಡು ಬೇಕು. 2ಜಿಯಂಥ ನಿಧಾನದ ದಾರಿಯಲ್ಲಿ ಇನ್ನೂ ಹೆಚ್ಚು. ಇದಕ್ಕೆ ಮದ್ದು ಟಿಸಿಪಿ ಯೂಸರ್ ಟೈಮ್‌ಔಟ್, ಅಂದರೆ ಆಕ್ ಬಾರದೆ ಎಷ್ಟು ಹೊತ್ತಾದರೆ ಸಂಪರ್ಕ ಕಡಿಯಬೇಕು ಎಂದು ಹೇಳುವ ಆಯ್ಕೆ. ಅದರ ಘಟಕ ಮಿಲಿಸೆಕೆಂಡ್ ಎಂಬುದನ್ನು ಗಮನಿಸದೆ ನಾನು 30 ಎಂದು ಬರೆದುಬಿಟ್ಟೆ. ಹೋಗಿಬರಲು 700 ಮಿಲಿಸೆಕೆಂಡು ತೆಗೆದುಕೊಳ್ಳುವ ದಾರಿಯಲ್ಲಿ ಒಂದು ಪ್ಯಾಕೆಟ್ ತಪ್ಪಿದರೆ ಸಾಕು, ಆರೋಗ್ಯವಾಗಿದ್ದ ಸಂಪರ್ಕವೂ ಕಡಿದುಬೀಳುತ್ತಿತ್ತು. ಆ ಒಂದೇ ರಾತ್ರಿ ಎಪ್ಪತ್ತಕ್ಕೂ ಹೆಚ್ಚು ಫೋನ್ ಬಂದವು. ಮರುದಿನ 30,000 ಎಂದು ತಿದ್ದಿದೆ, ಇಂದಿಗೂ ಅದೇ ಇದೆ.

ಕೀಪ್‌ಅಲೈವ್ ಸಾಲದು ಎಂಬುದಕ್ಕೆ ಇನ್ನೊಂದು ಗಟ್ಟಿ ಕಾರಣವಿದೆ. ನಮ್ಮ 2ಜಿ ಮೋಡೆಮ್‌ನ ಒಳಗೇ ಟಿಸಿಪಿ ಸ್ಟ್ಯಾಕ್ (ಟಿಸಿಪಿ ನಡೆಸುವ ಕೋಡ್) ಇರುವುದರಿಂದ, ಬೋರ್ಡಿನ ಮೈಕ್ರೋಕಂಟ್ರೋಲರ್ (ಬೋರ್ಡನ್ನು ನಡೆಸುವ ಮುಖ್ಯ ಚಿಪ್) ಸಂಪೂರ್ಣ ಸ್ತಬ್ಧವಾಗಿದ್ದರೂ ಮೋಡೆಮ್ ತನ್ನ ಪಾಡಿಗೆ ಆಕ್ ಕಳಿಸುತ್ತಲೇ ಇರುತ್ತದೆ. ಹೊಸದುರ್ಗದ ಬಳಿಯ ಒಂದು ಬೋರ್ಡು ಹೀಗೆ ಎರಡು ದಿನ ಸರ್ವರ್‌ಗೆ ಸರಿಯಾಗಿಯೇ ಕಾಣುತ್ತಿತ್ತು. ಜೀಪಿನಲ್ಲಿ ಹೋಗಿ, ಕಂಟ್ರೋಲರ್ ಮತ್ತು ಮೋಡೆಮ್ ನಡುವಿನ ಸೀರಿಯಲ್ ತಂತಿಗೆ ಯುಎಸ್‌ಬಿ ಪರಿವರ್ತಕ ಸಿಕ್ಕಿಸಿ ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ಸರ್ವರ್ ಕಡೆ ಟಿಸಿಪಿ ಡಂಪ್‌ನಲ್ಲಿ (ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಪ್ರೋಗ್ರಾಮ್‌ನಲ್ಲಿ) ಕೀಪ್‌ಅಲೈವ್‌ಗೆ ಉತ್ತರ ಬರುತ್ತಿದೆ, ಇಲ್ಲಿ ಸೀರಿಯಲ್ ತಂತಿಯ ಮೇಲೆ ಒಂದು ಅಕ್ಷರವೂ ಓಡಾಡುತ್ತಿಲ್ಲ. ಎರಡೂ ತುದಿಯನ್ನು ಒಟ್ಟಿಗೆ ನೋಡದೆ ಇದನ್ನು ಹಿಡಿಯಲು ಸಾಧ್ಯವೇ ಇರಲಿಲ್ಲ. ಅಂದಿನಿಂದ ಹೃದಯಬಡಿತವನ್ನು ಪ್ರೋಗ್ರಾಮ್‌ನ ಮಟ್ಟದಲ್ಲೇ ಇಟ್ಟಿದ್ದೇನೆ: ಬೋರ್ಡು ಎರಡು ಬೈಟ್ ಕಳಿಸುತ್ತದೆ, ಸರ್ವರ್ ಎರಡು ಬೈಟ್ ಉತ್ತರಿಸುತ್ತದೆ, ಎರಡು ಬಾರಿ ತಪ್ಪಿದರೆ ಎರಡೂ ಕಡೆಯವರು ಸಾಕೆಟ್ ಮುಚ್ಚುತ್ತಾರೆ. ಒಂದು ಬೋರ್ಡಿನಿಂದ ಹೊಸ ಸಂಪರ್ಕ ಬಂದು ಗುರುತು ಹೇಳಿದ ಕೂಡಲೇ ಅದರ ಹಳೆಯ ಸಾಕೆಟ್‌ಗಳನ್ನೆಲ್ಲ ಸರ್ವರ್ ಮುಲಾಜಿಲ್ಲದೆ ಕೊಲ್ಲುತ್ತದೆ.

ಬಡಿತ ಎಷ್ಟು ಹೊತ್ತಿಗೊಮ್ಮೆ ಇರಬೇಕು ಎಂಬುದನ್ನು ಅಳೆದೇ ತಿಳಿದೆ. ಮೊಬೈಲ್ ಕಂಪನಿಗಳು ನೂರಾರು ಸಿಮ್‌ಗಳನ್ನು ಒಂದು ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆ ನ್ಯಾಟ್ ಎನ್ನುತ್ತಾರೆ. ಆ ನ್ಯಾಟ್ ಪಟ್ಟಿಯಲ್ಲಿ ಮೌನವಾಗಿರುವ ಸಂಪರ್ಕದ ನೆನಪನ್ನು ಎರಡು ಗಂಟೆ ನಾಲ್ಕು ನಿಮಿಷಕ್ಕಿಂತ ಮೊದಲು ಅಳಿಸಬಾರದು ಎಂದು ಇಂಟರ್ನೆಟ್ ನಿಯಮಗಳ ದಾಖಲೆಗಳಲ್ಲೊಂದಾದ ಆರ್‌ಎಫ್‌ಸಿ 5382 ಹೇಳುತ್ತದೆ. ನನ್ನ ಮೇಜಿನ ಮೇಲೆ ನಾಲ್ಕು ಸಿಮ್ ಇಟ್ಟು, ಒಂದು ನಿಮಿಷ, ಎರಡು ನಿಮಿಷ, ನಾಲ್ಕು ನಿಮಿಷ ಹೀಗೆ ಮೌನವನ್ನು ಹೆಚ್ಚಿಸುತ್ತಾ ಸರ್ವರ್ ಕಡೆಯಿಂದ ಒಂದು ಬೈಟ್ ತಳ್ಳಿ ನೋಡಿದೆ. ನನಗೆ ನೆನಪಿರುವಂತೆ ಒಂದು ಕಂಪನಿಯ ಸಿಮ್ ಅರ್ಧ ಗಂಟೆ ತಡೆಯಿತು, ಇನ್ನೊಂದು ಐದು ನಿಮಿಷ ತುಂಬುವ ಮೊದಲೇ ಕೈಬಿಟ್ಟಿತು. ಹಾಗಾಗಿ ನಾಲ್ಕು ನಿಮಿಷದಿಂದ ಶುರು ಮಾಡಿದೆ. ಇಪ್ಪತ್ನಾಲ್ಕು ಗಂಟೆ ಬ್ಯಾಟರಿಯಲ್ಲಿ ಬದುಕಿರುವ ಬೋರ್ಡಿಗೆ ದಿನಕ್ಕೆ 360 ಬಡಿತ, ಒಂದಕ್ಕೆ ಹೆಡರ್ ಮತ್ತು ಆಕ್ ಎಲ್ಲ ಸೇರಿ ಸುಮಾರು 125 ಬೈಟ್ ಎಂದರೂ ತಿಂಗಳಿಗೆ 1.3 ಎಂಬಿ ಚಿಲ್ಲರೆ. ಈಗ ನಮ್ಮ ಬೋರ್ಡುಗಳು ತಾವಿರುವ ಸಿಮ್ ಮತ್ತು ಟವರ್‌ಗೆ ತಕ್ಕಂತೆ ಈ ಅಂತರವನ್ನು ತಾವೇ ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತವೆ. ಆ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಅನ್ನದ ಪ್ರಶ್ನೆ.

ಈ ನಡುವೆ ಒಂದು ತಿಂಗಳು ಐವತ್ತು ಬೋರ್ಡುಗಳನ್ನು ಯುಡಿಪಿಗೆ (ಸಂಪರ್ಕ ಕಟ್ಟದೆ ಪ್ಯಾಕೆಟ್ ಕಳಿಸುವ ಕ್ರಮಕ್ಕೆ) ಹಾಕಿ ನೋಡಿದೆ. ನ್ಯಾಟ್ ಅದನ್ನು ಇನ್ನೂ ಬೇಗ ಮರೆಯುತ್ತದೆ. ಬಡಿತ ಹೆಚ್ಚಿಸಬೇಕಾಯಿತು, ಒಂದೇ ಆಜ್ಞೆ ಎರಡು ಬಾರಿ ಬಂದರೆ ಗುರುತಿಸುವ ಕೆಲಸವೂ ನನ್ನ ತಲೆಗೇ ಬಂತು. ಬಿಟ್ಟೆ.

ಫೀಡರ್‌ನಿಂದಲೇ ಹುಟ್ಟಿದ ಎರಡನೆಯ ತೊಂದರೆ ಇದಕ್ಕಿಂತ ಹೆಚ್ಚು ದುಡ್ಡು ತಿಂದಿತು. ಪ್ರತಿ ರಾತ್ರಿ ಹತ್ತರ ಆಸುಪಾಸಿಗೆ ಕರ್ನಲ್ ಲಾಗ್‌ನಲ್ಲಿ ಸಿನ್ (ಸಂಪರ್ಕ ಕೇಳುವ ಮೊದಲ ಪ್ಯಾಕೆಟ್) ಪ್ರವಾಹ ಇರಬಹುದು ಎಂಬ ಎಚ್ಚರಿಕೆ ಬೀಳುತ್ತಿತ್ತು. ಸರ್ವರ್ ಬಾಡಿಗೆಗೆ ಕೊಟ್ಟವರು ಇದು ದಾಳಿ, ರಕ್ಷಣೆಯ ಸೇವೆ ತೆಗೆದುಕೊಳ್ಳಿ ಎಂದರು, ಮೂರು ತಿಂಗಳಿಗೆ ಹದಿನೆಂಟು ಸಾವಿರ ಕೊಟ್ಟೆ. ದಾಳಿ ಮಾಡುತ್ತಿದ್ದದ್ದು ನಮ್ಮವೇ ಬೋರ್ಡುಗಳು: ಪಾಳಿ ಬದಲಾಗಿ ಕರೆಂಟ್ ಬಂದಾಗ ಮುನ್ನೂರು ನಾನೂರು ಬೋರ್ಡುಗಳು ಒಂದೇ ಸೆಕೆಂಡಿನಲ್ಲಿ ಎದ್ದು ಬಾಗಿಲು ಬಡಿಯುತ್ತಿದ್ದವು. ಸಂಪರ್ಕಗಳಿಗಾಗಿ ಕಾಯುವ ನನ್ನ ಲಿಸನ್ ಕರೆಯಲ್ಲಿ ಪಠ್ಯಪುಸ್ತಕದಿಂದ ಬಂದ ಬ್ಯಾಕ್‌ಲಾಗ್ (ಸಾಲಿನಲ್ಲಿ ಎಷ್ಟು ಸಂಪರ್ಕ ಕಾಯಬಹುದು ಎಂಬ ಲೆಕ್ಕ) 5 ಹಾಗೇ ಉಳಿದಿತ್ತು. ಅದನ್ನು 1,024 ಮಾಡಿದೆ, ಫಲವಿಲ್ಲ, ಏಕೆಂದರೆ ಆ ಹಳೆಯ ಕರ್ನಲ್‌ನಲ್ಲಿ ಈ ಸಾಲಿಗೆ ಇದ್ದ ಸೋಮ್ಯಾಕ್ಸ್‌ಕಾನ್ ಎಂಬ ಮಿತಿ 128 ಆಗಿತ್ತು. ಅದನ್ನೂ ಏರಿಸಿದೆ. ಆಮೇಲೆ ಬೋರ್ಡುಗಳು ಎದ್ದ ಕೂಡಲೇ ಬಾರದೆ, ಸೊನ್ನೆಯಿಂದ ತೊಂಬತ್ತು ಸೆಕೆಂಡಿನ ನಡುವೆ ಯಾದೃಚ್ಛಿಕವಾಗಿ ಕಾಯಲಿ ಎಂದು ಫರ್ಮ್‌ವೇರ್ (ಬೋರ್ಡಿನೊಳಗಿನ ಪ್ರೋಗ್ರಾಮ್) ತಿದ್ದಿದೆ. ಮರುರಾತ್ರಿ ನೋಡಿದರೆ ಎಲ್ಲವೂ ಹದಿನೇಳು ಸೆಕೆಂಡು ಕಾದು ಮತ್ತೆ ಒಟ್ಟಿಗೇ ಬಂದವು! ಎಲ್ಲ ಬೋರ್ಡುಗಳಲ್ಲೂ ಯಾದೃಚ್ಛಿಕ ಸಂಖ್ಯೆಯ ಬೀಜ (ಆ ಸಂಖ್ಯೆ ಹುಟ್ಟಿಸಲು ಕೊಡುವ ಆರಂಭದ ಅಂಕಿ) ಒಂದೇ ಆಗಿದ್ದರಿಂದ ಎಲ್ಲಕ್ಕೂ ಹುಟ್ಟಿದ ಸಂಖ್ಯೆ ಒಂದೇ. ಬೀಜಕ್ಕೆ ಮೋಡೆಮ್‌ನ ಐಎಂಇಐ (ಪ್ರತಿ ಮೋಡೆಮ್‌ಗೂ ಬೇರೆಯಾದ ಗುರುತಿನ ಸಂಖ್ಯೆ) ಬೆರೆಸಿದ ಮೇಲೆ ರಾತ್ರಿ ಹತ್ತು ಗಂಟೆ ಶಾಂತವಾಯಿತು. ರಕ್ಷಣೆಯ ಸೇವೆ ನಿಲ್ಲಿಸಿದೆ.

ಸತ್ತ ಸಾಕೆಟ್‌ಗಳು ರಾಶಿಯಾಗಿದ್ದ ಕಾಲದಲ್ಲಿ ಸರ್ವರ್ 1,024 ಫೈಲ್‌ಗಳ (ಲಿನಕ್ಸ್‌ನಲ್ಲಿ ಸಾಕೆಟ್ ಕೂಡ ಫೈಲ್ ಲೆಕ್ಕಕ್ಕೆ ಬರುತ್ತದೆ) ಮಿತಿ ಮುಟ್ಟಿ ನಿಲ್ಲುತ್ತಿತ್ತು. ಮಿತಿಯನ್ನು ಲಿಮಿಟ್ಸ್ ಕಡತದಲ್ಲಿ ಏರಿಸಿ ಮೂರು ಬಾರಿ ಸರ್ವರ್ ಮರುಚಾಲನೆ ಮಾಡಿದೆ, ಏನೂ ಬದಲಾಗಲಿಲ್ಲ. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ) ನಡೆಸುವ ಸೇವೆಗಳು ಆ ಕಡತವನ್ನು ಓದುವುದೇ ಇಲ್ಲ, ಸೇವೆಯ ಯೂನಿಟ್ ಕಡತದಲ್ಲೇ ಬರೆಯಬೇಕು. ಮಿತಿ ಮುಟ್ಟಿದಾಗ ಹೊಸ ಸಂಪರ್ಕವನ್ನು ಒಳಗೆ ಕರೆಯುವ ಆಕ್ಸೆಪ್ಟ್ ಸೋಲುತ್ತದೆ, ಸಾಕೆಟ್‌ಗಳ ಸುದ್ದಿ ತಿಳಿಸುವ ಎಪೋಲ್ ಮಾತ್ರ ಬಾಗಿಲಲ್ಲಿ ಅತಿಥಿ ಇದ್ದಾನೆ ಎಂದು ಕೂಗುತ್ತಲೇ ಇರುತ್ತದೆ, ಸಿಪಿಯು ನೂರಕ್ಕೆ ನೂರು ಉರಿಯುತ್ತದೆ. ಇದಕ್ಕೆ ಒಂದು ಖಾಲಿ ಫೈಲ್ ಅನ್ನು ಮೊದಲೇ ತೆರೆದಿಟ್ಟು, ಆಪತ್ತಿನಲ್ಲಿ ಅದನ್ನು ಮುಚ್ಚಿ, ಬಂದವನನ್ನು ಒಳಗೆ ಕರೆದು ಹೊರಗೆ ಕಳಿಸಿ, ಮತ್ತೆ ಅದನ್ನು ತೆರೆದಿಡುವ ಹಳೆಯ ಉಪಾಯ ಈಗಲೂ ಚೆನ್ನಾಗಿ ನಡೆಯುತ್ತದೆ.

ನಾನು ಮಾಡಿದ ಅತಿ ದೊಡ್ಡ ತಪ್ಪು ಟೈಮ್ ವೇಟ್‌ಗೆ (ಮುಚ್ಚಿದ ಸಂಪರ್ಕ ಇನ್ನೂ ಸ್ವಲ್ಪ ಹೊತ್ತು ಉಳಿಯುವ ಸ್ಥಿತಿಗೆ) ಹೆದರಿದ್ದು. ಸಾವಿರಾರು ಸಾಕೆಟ್‌ಗಳು ಆ ಸ್ಥಿತಿಯಲ್ಲಿರುವುದನ್ನು ಕಂಡು, ಹೇಳಿಕೆ ಮಾತು ನಂಬಿ, ಅವನ್ನು ಬೇಗ ತೆಗೆದುಹಾಕುವ ಟಿಡಬ್ಲ್ಯು ರಿಸೈಕಲ್ ಎಂಬ ಆಯ್ಕೆ ಚಾಲೂ ಮಾಡಿದೆ. ಆಗ ನಮ್ಮ ಸರ್ವರ್‌ನಲ್ಲಿದ್ದದ್ದು ಸೆಂಟ್‌ಒಎಸ್ 7 ಎಂಬ ಲಿನಕ್ಸ್‌ನ 3.10 ಕರ್ನಲ್. ಅದೇ ವಾರ ನಾವು ಲಿನಕ್ಸ್ ಇರುವ 4ಜಿ ಬೋರ್ಡುಗಳನ್ನು ಕೂರಿಸಲು ಶುರು ಮಾಡಿದ್ದೆವು. ಹಳೆಯ 2ಜಿ ಬೋರ್ಡುಗಳು ಸಲೀಸಾಗಿ ಸೇರುತ್ತಿದ್ದವು, ಹೊಸವು ಒಮ್ಮೆ ಸೇರಿದರೆ ಹತ್ತು ಸಲ ಸೋಲುತ್ತಿದ್ದವು. ಹೊಸ ಬೋರ್ಡೇ ಕೆಟ್ಟದ್ದು ಎಂದು ಎಲ್ಲರೂ ತೀರ್ಮಾನಿಸಿ, ನಲವತ್ತರಷ್ಟು ಬೋರ್ಡುಗಳನ್ನು ಬಿಚ್ಚಿ ತಂದೆವು. ಟಿಸಿಪಿ ಡಂಪ್‌ನಲ್ಲಿ ಸಿನ್ ಬರುತ್ತಿದೆ, ಸರ್ವರ್ ಉತ್ತರವನ್ನೇ ಕೊಡುತ್ತಿಲ್ಲ. ಕೊನೆಗೆ ಸಂಪರ್ಕಗಳ ಲೆಕ್ಕ ತೋರಿಸುವ ನೆಟ್‌ಸ್ಟ್ಯಾಟ್‌ನ ಎಣಿಕೆಗಳಲ್ಲಿ ಟೈಮ್‌ಸ್ಟ್ಯಾಂಪ್ (ಪ್ಯಾಕೆಟ್ ಮೇಲಿನ ಸಮಯದ ಗುರುತು) ಕಾರಣಕ್ಕೆ ತಿರಸ್ಕೃತವಾದ ಸಂಪರ್ಕಗಳ ಸಾಲು ಕಣ್ಣಿಗೆ ಬಿತ್ತು. ಒಂದೇ ನ್ಯಾಟ್ ವಿಳಾಸದ ಹಿಂದಿರುವ ಬೇರೆಬೇರೆ ಬೋರ್ಡುಗಳ ಟೈಮ್‌ಸ್ಟ್ಯಾಂಪ್ ಹಿಂದುಮುಂದಾದರೆ, ಆ ಆಯ್ಕೆ ಅವುಗಳನ್ನು ಹಳೆಯ ಪ್ಯಾಕೆಟ್ ಎಂದು ತಿಳಿದು ಸದ್ದಿಲ್ಲದೆ ಬಿಸಾಡುತ್ತದೆ. ನಮ್ಮ 2ಜಿ ಮೋಡೆಮ್ ಟೈಮ್‌ಸ್ಟ್ಯಾಂಪನ್ನೇ ಕಳಿಸುತ್ತಿರಲಿಲ್ಲ, ಹಾಗಾಗಿ ಬಚಾವಾಗಿತ್ತು. ಈ ಆಯ್ಕೆಯನ್ನು 2017ರಲ್ಲಿ ಲಿನಕ್ಸ್ 4.12ರಿಂದ ತೆಗೆದೇಹಾಕಿದ್ದಾರೆ. ಬಂದವರನ್ನು ಒಂದೇ ಪೋರ್ಟ್‌ನಲ್ಲಿ ಸ್ವಾಗತಿಸುವ ಸರ್ವರ್‌ಗೆ ಅರುವತ್ತು ಸೆಕೆಂಡಿನ ಟೈಮ್ ವೇಟ್‌ನಿಂದ ಯಾವ ಹಾನಿಯೂ ಇಲ್ಲ, ಅದನ್ನು ಮುಟ್ಟಬೇಡಿ. ಹೆದರಬೇಕಾದದ್ದು ಕ್ಲೋಸ್ ವೇಟ್‌ಗೆ, ಅದು ಏರುತ್ತಿದ್ದರೆ ಎದುರಿನವರು ಮುಚ್ಚಿದ್ದಾರೆ, ನಮ್ಮ ಕೋಡ್ ಮುಚ್ಚಿಲ್ಲ ಎಂದರ್ಥ. ಎಸ್ಟ್ಯಾಬ್ಲಿಷ್ಡ್ ಇದ್ದು ಸೆಂಡ್ ಕ್ಯೂನಲ್ಲಿ (ಆಕ್‌ಗಾಗಿ ಕಾದಿರುವ ಸಾಲಿನಲ್ಲಿ) ಬೈಟ್‌ಗಳು ಕರಗದೆ ಕುಳಿತಿದ್ದರೆ ಆ ತುದಿ ಸತ್ತಿದೆ. ಈಗ ಯಾವುದೇ ದೂರು ಬಂದರೂ ನಾನು ಮೊದಲು ನೋಡುವುದು ಈ ಎರಡು ಅಂಕಣಗಳನ್ನೇ.

ಬೈಟ್‌ಗಳು ಅಂಟಿಕೊಂಡು ಬರುವ, ತುಂಡಾಗಿ ಬರುವ ವಿಷಯ ಸಾಕೆಟ್ ಕೋಡ್ ಬರೆಯುವವರಿಗೆ ಹೊಸದಲ್ಲ. ಕಚೇರಿಯ ಲ್ಯಾನ್‌ನಲ್ಲಿ (ಒಳಗಿನ ನೆಟ್‌ವರ್ಕ್‌ನಲ್ಲಿ) ಒಂದು ಸೆಂಡ್‌ಗೆ ಒಂದು ರಿಸೀವ್ ಸರಿಯಾಗಿ ಹೊಂದುತ್ತಿತ್ತು, ತೋಟದಲ್ಲಿ ಆನ್ ಮತ್ತು ಆಫ್ ಎರಡೂ ಒಂದೇ ರಿಸೀವ್‌ನಲ್ಲಿ ಬಂದು ಎರಡನೆಯದು ಕಳೆದುಹೋಗಿ ಒಂದು ಮೋಟರ್ ಇಡೀ ರಾತ್ರಿ ಓಡಿತು. ಉದ್ದವನ್ನು ಮೊದಲು ಬರೆದು ಆಮೇಲೆ ಸಂದೇಶ ಬರೆಯುವ ಕ್ರಮಕ್ಕೆ ಬಂದೆ. ಆದರೆ ಉದ್ದಕ್ಕೊಂದು, ಸಂದೇಶಕ್ಕೊಂದು ಎಂದು ಎರಡು ಸೆಂಡ್ ಮಾಡಿದ್ದರಿಂದ ಸಣ್ಣ ಸಣ್ಣ ಪ್ಯಾಕೆಟ್‌ಗಳನ್ನು ತಡೆಯುವ ನೇಗಲ್ ಕ್ರಮ ಎರಡನೆಯದನ್ನು ಮೊದಲಿನದರ ಆಕ್ ಬರುವವರೆಗೆ ಹಿಡಿದಿಟ್ಟಿತು, ಪ್ರತಿ ಆಜ್ಞೆಗೂ ಮುಕ್ಕಾಲು ಸೆಕೆಂಡು ತಡ. ಆ ಕ್ರಮವನ್ನು ನಿಲ್ಲಿಸುವ ನೋ-ಡಿಲೇ ಆಯ್ಕೆ ಹಾಕಿದರೆ ತಡ ಹೋಗುತ್ತದೆ, ಪ್ಯಾಕೆಟ್‌ಗಳು ಎರಡರಷ್ಟಾಗುತ್ತವೆ. ಎರಡನ್ನೂ ಒಂದೇ ಬಫರ್‌ಗೆ ಸೇರಿಸಿ ಒಮ್ಮೆ ಕಳಿಸುವುದೇ ಸರಿ.

ಲಾಗ್‌ನಲ್ಲಿ ಒಂದಕ್ಷರವೂ ಇಲ್ಲದೆ ಪ್ರೋಗ್ರಾಮ್ ಸಾಯುತ್ತಿದ್ದರೆ ಸಿಗ್‌ಪೈಪ್ ಸಂಕೇತವನ್ನು (ಮುಚ್ಚಿಹೋದ ಸಾಕೆಟ್‌ಗೆ ಬರೆದಾಗ ಕರ್ನಲ್ ಕಳಿಸುವುದು) ಅನುಮಾನಿಸಿ. ನಮ್ಮದು ವಾರಕ್ಕೆರಡು ಬಾರಿ ಹಾಗೆ ಸಾಯುತ್ತಿತ್ತು.

ನೆಟ್‌ವರ್ಕ್ ಅಲ್ಲದ ನೆಟ್‌ವರ್ಕ್ ತೊಂದರೆಯೂ ಒಂದಿತ್ತು. ಮೋಟರ್ ಶುರುವಾದ ಕೂಡಲೇ ಸಂಪರ್ಕ ಹೋಗುವ ಹದಿನೈದಿಪ್ಪತ್ತು ಬೋರ್ಡುಗಳಿದ್ದವು. 2ಜಿ ಮೋಡೆಮ್ ಪ್ರಸಾರದ ಕ್ಷಣದಲ್ಲಿ ಎರಡು ಆಂಪಿಯರ್‌ವರೆಗೆ ಎಳೆಯುತ್ತದೆ. ಅದೇ ಹೊತ್ತಿಗೆ ಮೋಟರ್ ಎಳೆತಕ್ಕೆ ವೋಲ್ಟೇಜ್ ಕುಸಿದರೆ ಮೋಡೆಮ್ ಮರುಚಾಲನೆಯಾಗುತ್ತದೆ. ಮೋಡೆಮ್‌ನ ಪಕ್ಕದಲ್ಲೇ ದೊಡ್ಡ ಕೆಪಾಸಿಟರ್ ಹಾಕಿದೆವು, ಬೋರ್ಡಿಗೆ ಹನ್ನೆರಡು ರೂಪಾಯಿ ಖರ್ಚು. ಬೆಲೆ ಇಷ್ಟೇ ಆದರೂ ಅದನ್ನು ಕೂರಿಸುವ ಜಾಗ ಮತ್ತು ಜೊತೆಗಿರುವ ಇನ್ನೊಂದು ಸಣ್ಣ ಬಿಡಿಭಾಗ ನಾವು ಕಷ್ಟಪಟ್ಟು ಕಂಡುಕೊಂಡದ್ದು, ಅದು ನಮ್ಮಲ್ಲೇ ಇರಲಿ.

ಈಗ ಇಪ್ಪತ್ತೈದು 4ಜಿ ಬೋರ್ಡುಗಳನ್ನು ಐಪಿವಿ6 (ಪ್ರತಿ ಬೋರ್ಡಿಗೂ ತನ್ನದೇ ವಿಳಾಸ ಸಿಗುವ ಇಂಟರ್ನೆಟ್ ವಿಳಾಸ ಕ್ರಮ) ಮೇಲೆ ಬಿಟ್ಟಿದ್ದೇನೆ. ಅಲ್ಲಿ ನ್ಯಾಟ್ ಇಲ್ಲ ಎಂದು ಬಡಿತವನ್ನು ಒಂದು ಗಂಟೆಗೆ ಹಿಗ್ಗಿಸಿದೆ, ಎರಡನೆಯ ದಿನವೇ ಆಜ್ಞೆಗಳು ಮತ್ತೆ ಕಾಣೆಯಾದವು. ಮೌನವಾಗಿರುವ ಸಂಪರ್ಕವನ್ನು ಮೊಬೈಲ್ ಕಂಪನಿಯ ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ಕಾವಲು) ಅಲ್ಲಿಯೂ ಮರೆಯುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೆ. ಮೇಜಿನ ಮೇಲೆ ಮತ್ತೆ ನಾಲ್ಕು ಸಿಮ್ ಇಟ್ಟು ಮೊದಲಿನಂತೆಯೇ ಎಣಿಸಲು ಶುರು ಮಾಡಿದ್ದೇನೆ, ಸದ್ಯ ಮೂವತ್ತೆರಡನೆಯ ನಿಮಿಷದವರೆಗೆ ನಾಲ್ಕೂ ಉತ್ತರ ಕೊಟ್ಟಿವೆ.