ವರ್ಷಗಟ್ಟಲೆ ನಿಂತ ಎಂಎಕ್ಸ್-5: ಕೊಳ್ಳುವ ಮುನ್ನ, ಸೆಲ್ಫ್ ಹೊಡೆಯುವ ಮುನ್ನ

ದೀಪಗಳು ಬಾನೆಟ್‌ನಿಂದ ಮೇಲೆದ್ದು ಬರುವ ಮಾಜ್ದಾ ಎಂಎಕ್ಸ್-5, ಅಂದರೆ 1989ರಿಂದ 1997ರವರೆಗೆ ಬಂದ ಮೊದಲ ತಲೆಮಾರಿನ ಎರಡು ಸೀಟಿನ ತೆರೆದ ಕಾರು, ಹತ್ತು ಹದಿನೈದು ವರ್ಷ ಶೆಡ್ಡಿನಲ್ಲೇ ನಿಂತಿದ್ದರೂ ಮತ್ತೆ ರಸ್ತೆಗಿಳಿಯುತ್ತದೆ. ಇಂಜಿನ್ ಗಟ್ಟಿಮುಟ್ಟು, ಬಿಡಿಭಾಗಗಳು ಈಗಲೂ ಸಿಗುತ್ತವೆ. ಬಾಡಿ ಒಳಗಿಂದ ತುಕ್ಕು ತಿಂದಿದ್ದರೆ ಮಾತ್ರ ಟಿಂಕರಿಂಗ್ ಖರ್ಚು ಗಾಡಿಯ ಬೆಲೆಯನ್ನೇ ಮೀರುತ್ತದೆ. ಹಾಗಾಗಿ ಬಾನೆಟ್ ಆಮೇಲೆ ಎತ್ತಿದರಾಯಿತು, ಮೊದಲು ಮಂಡಿಯೂರಿ ಸಿಲ್ ನೋಡಿ.

ಬಾಗಿಲ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ಭಾಗವೇ ಸಿಲ್. ಬಟ್ಟೆಯ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಕೊಳವೆಗಳಲ್ಲಿ ಇಳಿದು, ಹಿಂದಿನ ಚಕ್ರದ ಮುಂದಿರುವ ತೂತುಗಳಿಂದ ಹೊರಹೋಗಬೇಕು. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ. ಹಿಂದಿನ ಚಕ್ರದ ಮುಂದಿನ ಒಂದು ಗೇಣು ಜಾಗದಲ್ಲಿ ಬಣ್ಣ ಗುಳ್ಳೆ ಎದ್ದಿದೆಯೇ, ಹೆಬ್ಬೆರಳಲ್ಲಿ ಒತ್ತಿದರೆ ಬಗ್ಗುತ್ತದೆಯೇ, ಆಯಸ್ಕಾಂತ ಅಂಟುತ್ತದೆಯೇ ನೋಡಿ. ಅಂಟದಿದ್ದರೆ ಒಳಗಿರುವುದು ಪುಟ್ಟಿ. ಸೀಟಿನ ಹಿಂದಿನ ಕಾರ್ಪೆಟ್ ತೇವವಾಗಿದ್ದರೂ ಅನುಮಾನಪಡಿ. ಆಮೇಲೆ ಡಿಕ್ಕಿ ತೆಗೆಯಿರಿ. ಈ ಗಾಡಿಯ ಬ್ಯಾಟರಿ ಇರುವುದು ಅಲ್ಲೇ. ಮೂಲದಲ್ಲಿ ಬಂದದ್ದು ಗಾಳಿಕೊಳವೆ ಇರುವ ಸೀಲ್ಡ್ ಬ್ಯಾಟರಿ. ಯಾರಾದರೂ ಸಾಮಾನ್ಯ ಬ್ಯಾಟರಿ ಕೂರಿಸಿದ್ದರೆ ಆಸಿಡ್ ಹಬೆ ತಗುಲಿ ಕೆಳಗಿನ ತಗಡು ಕೊರೆದಿರುತ್ತದೆ.

1991ರ ಮಧ್ಯದವರೆಗಿನ 1.6 ಲೀಟರ್ ಗಾಡಿಗಳಲ್ಲಿ ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಮೂತಿ ಗಿಡ್ಡ. ಬೋಲ್ಟ್ ಸಡಿಲಾದರೆ ಅದರ ತುದಿಯ ಪುಲ್ಲಿ ಅಲುಗಾಡಿ ಕೀ ಕೂರುವ ತೋಡನ್ನೇ ತಿನ್ನುತ್ತದೆ. ಪುಲ್ಲಿಯಲ್ಲಿ ನಾಲ್ಕು ಸೀಳು ಕಂಡರೆ ಗಿಡ್ಡ ಮೂತಿ, ಎಂಟು ಕಂಡರೆ ಉದ್ದದ್ದು. ನಾಲ್ಕು ಸೀಳಿನದ್ದಾದರೆ ಪುಲ್ಲಿ ಹಿಡಿದು ಅಲ್ಲಾಡಿಸಿ ನೋಡದೆ ಮಾತು ಕೊಡಬೇಡಿ.

"ಬ್ಯಾಟರಿ ಹಾಕಿದರೆ ಸ್ಟಾರ್ಟ್ ಆಗುತ್ತದೆ" ಎಂದು ಮಾರುವವರು ಹೇಳಿದರೂ ಅಲ್ಲಿ ಸೆಲ್ಫ್ ಹೊಡೆಯಲು ಬಿಡಬೇಡಿ. ಒಣಗಿದ ಸಿಲಿಂಡರ್ ಗೀರು ಬೀಳುವುದು, ಕೊಳೆತ ಪೆಟ್ರೋಲ್ ಇಂಜೆಕ್ಟರಿಗೆ ನುಗ್ಗುವುದು ಆ ಐದು ಸೆಕೆಂಡಿನಲ್ಲೇ. ಬ್ರೇಕನ್ನೂ ನಂಬುವಂತಿಲ್ಲ. ಲಾರಿಯ ಮೇಲೆ ಹೇರಿಕೊಂಡೇ ತನ್ನಿ.

ಕೆಲಸ ಶುರುವಾಗಬೇಕಾದದ್ದು ಬ್ರೇಕಿನಿಂದ. ಓಡುವ ಗಾಡಿಗಿಂತ ನಿಲ್ಲುವ ಗಾಡಿ ಮುಖ್ಯ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಿಂದಿನ ಕ್ಯಾಲಿಪರ್‌ಗಳು ಬಹುತೇಕ ಹಿಡಿದುಕೊಂಡಿರುತ್ತವೆ, ಹ್ಯಾಂಡ್ ಬ್ರೇಕ್ ಎಳೆದೇ ನಿಲ್ಲಿಸಿದ್ದರಂತೂ ಖಂಡಿತ. ಇವುಗಳ ಪಿಸ್ಟನ್ನನ್ನು ಸಿ-ಕ್ಲಾಂಪ್‌ನಿಂದ ಒತ್ತಿದರೆ ಒಳಹೋಗದು, ಬಲವಂತ ಮಾಡಿದರೆ ಕ್ಯಾಲಿಪರ್ ಹಾಳು. ಕ್ಯಾಲಿಪರ್ ಹಿಂಬದಿಯ ಚಿಕ್ಕ ಬೋಲ್ಟ್ ತೆಗೆದರೆ ಒಳಗೊಂದು 4 ಮಿ.ಮೀ. ಅಲೆನ್ ಸ್ಕ್ರೂ ಇದೆ. ಅದನ್ನು ಎಡಕ್ಕೆ ತಿರುಗಿಸುತ್ತಾ ಪಿಸ್ಟನ್ ಒಳಗೆಳೆಯಿರಿ. ಹೊಸ ಪ್ಯಾಡ್ ಕೂರಿಸಿದ ಮೇಲೆ ಬಲಕ್ಕೆ ತಿರುಗಿಸಿ, ಪ್ಯಾಡ್ ಡಿಸ್ಕಿಗೆ ತಾಗಿದ ಕೂಡಲೇ ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡುವುದು ಇದಾದ ಮೇಲೆ. ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ, ಪೆಡಲ್ ಬಿಟ್ಟ ಮೇಲೂ ಒತ್ತಡ ಹಿಡಿದಿಡುತ್ತವೆ. ಎಲ್ಲವನ್ನೂ ಬದಲಿಸಿ, ಒಂದು ಲೀಟರ್ ಹೊಸ ಡಾಟ್ 4 ಬ್ರೇಕ್ ಎಣ್ಣೆ ಹಾಕಿ, ಬರುವ ಎಣ್ಣೆ ತಿಳಿಯಾಗುವವರೆಗೂ ಏರ್ ತೆಗೆಯಿರಿ. ಕ್ಲಚ್ಚಿಗೂ ಅದೇ ಎಣ್ಣೆ. ಗೇರ್ ಬಾಕ್ಸ್ ಪಕ್ಕದಲ್ಲಿ ಕ್ಲಚ್ ತಳ್ಳುವ ಅದರ ಸ್ಲೇವ್ ಸಿಲಿಂಡರ್ ಸೋರುವುದು ಈ ಗಾಡಿಯ ಹಳೇ ಕಾಯಿಲೆ. ರಬ್ಬರ್ ಟೋಪಿ ಎತ್ತಿ ನೋಡಿ, ಒಳಗೆ ಒದ್ದೆಯಾಗಿದ್ದರೆ ಬದಲಿಸಿ.

ಟ್ಯಾಂಕಿನ ಹಿಡಿತ ಮೊದಲ ವರ್ಷಗಳ ಗಾಡಿಯಲ್ಲಿ 45 ಲೀಟರ್, ಆಮೇಲಿನದರಲ್ಲಿ 48. ಹಳೆ ಪೆಟ್ರೋಲ್ ಪೂರ್ತಿ ತೆಗೆದು, ಪಂಪ್ ಹೊರಗೆಳೆದು, ಟಾರ್ಚ್ ಹಾಕಿ ಒಳಗೆ ತುಕ್ಕು ನೋಡಿ. ಪಂಪಿನ ಬಲೆ ಹಾಗೂ ಫಿಲ್ಟರ್ ಹೊಸದಾಗಲಿ. ಹೋಸ್‌ಗಳಿಗೆ ಇಂಜೆಕ್ಷನ್ ದರ್ಜೆಯದೇ ಬೇಕು. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ 30ಆರ್10 ಎಂದು ಬರೆದದ್ದನ್ನೇ ಹಾಕಿ, ಮಾಮೂಲಿ ಹೋಸ್ ಅಲ್ಲಿ ಕರಗಿ ಹೋಗುತ್ತದೆ.

ಇನ್ನು ಇಂಜಿನ್. ಏರ್ ಫಿಲ್ಟರ್ ಡಬ್ಬಿಯಲ್ಲೂ ಹೀಟರ್ ಬ್ಲೋವರ್‌ನಲ್ಲೂ ಇಲಿ ಗೂಡು ಕಟ್ಟಿದೆಯೇ ನೋಡಿ, ವೈರ್ ಕಡಿದಿದೆಯೇ ಕೈಯಾಡಿಸಿ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಒಂದು ಚಮಚ ತೆಳು ಎಣ್ಣೆ ಬಿಟ್ಟು ಒಂದು ದಿನ ನೆನೆಯಲಿ. ಮರುದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಉದ್ದನೆ ಹಿಡಿ ಹಾಕಿ ಗಡಿಯಾರದ ದಿಕ್ಕಿಗೆ ಎರಡು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ. ತಿರುಗದಿದ್ದರೆ ಜೋರು ಬೇಡ, ಇನ್ನೆರಡು ದಿನ ನೆನೆಸಿ.

ಕ್ರ್ಯಾಂಕನ್ನೂ ವಾಲ್ವ್ ತೆರೆಯುವ ಕ್ಯಾಮನ್ನೂ ಒಟ್ಟಿಗೆ ತಿರುಗಿಸುವ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಅದನ್ನು ಬದಲಿಸಲು ಕಿಲೋಮೀಟರ್ ಲೆಕ್ಕ ಸುಮಾರು 96,000. ನಿಂತ ಗಾಡಿಗೆ ಆ ಲೆಕ್ಕ ಅನ್ವಯಿಸದು, ರಬ್ಬರಿಗೆ ವಯಸ್ಸಾಗಿದೆ. ಬೆಲ್ಟ್ ಬಿಚ್ಚಿದಾಗಲೇ ವಾಟರ್ ಪಂಪ್, ಟೆನ್ಷನರ್, ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲ್, ಜೊತೆಗೆ ಕ್ಯಾಮ್ ತಿರುಗಿದ್ದನ್ನು ಅಳೆಯುವ ಕ್ಯಾಮ್ ಆ್ಯಂಗಲ್ ಸೆನ್ಸರ್‌ನ ಓ-ರಿಂಗ್ ಹೊಸದು ಹಾಕಿ. ಇಂಜಿನ್ ಹಿಂಬದಿ ಎಣ್ಣೆ ಸೋರುವುದು ಹೆಚ್ಚಾಗಿ ಆ ಚಿಕ್ಕ ಓ-ರಿಂಗಿನಿಂದಲೇ. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಕಪ್ಪು ಬಣ್ಣ ಕಳೆದು ಹಸಿರುಗಂದು ತಿರುಗಿದ್ದರೆ ಅದು ಇಂದೋ ನಾಳೆಯೋ ಬಿರಿಯುತ್ತದೆ. ಅದೂ ಹೊಸದಾಗಲಿ, ಕೂಲಂಟ್ ಸುಮಾರು 6 ಲೀಟರ್ ಬೇಕು.

ಹೊಸ ಇಂಜಿನ್ ಆಯಿಲ್ ಸುಮಾರು ಮೂರೂವರೆ ಲೀಟರ್ ಹಾಕಿ, ಉಳಿದದ್ದನ್ನು ಡಿಪ್‌ಸ್ಟಿಕ್ ನೋಡಿ ತುಂಬಿಸಿ. ಕ್ಯಾಮ್ ಆ್ಯಂಗಲ್ ಸೆನ್ಸರ್ ಕನೆಕ್ಟರ್ ಬಿಚ್ಚಿದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಪ್ಲಗ್‌ಗಳು ಹೊರಗಿರುವಾಗಲೇ ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆದು, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೂ ತಿರುಗಿಸಿ. 1995ರಿಂದೀಚಿನ ಗಾಡಿಗಳ ಮುಳ್ಳು ಬರೀ ಸ್ವಿಚ್ಚಿನ ಮಾತು ಕೇಳುತ್ತದೆ, ನಿಜವಾದ ಒತ್ತಡ ತೋರಿಸದು.

ಈಗ ಪ್ಲಗ್, ಕನೆಕ್ಟರ್ ಹಾಕಿ. ಬಾನೆಟ್ ಒಳಗಿನ ಡಯಾಗ್ನೋಸಿಸ್ ಡಬ್ಬಿಯಲ್ಲಿ ಎಫ್/ಪಿ (F/P) ಹಾಗೂ ಜಿಎನ್‌ಡಿ (GND) ಎಂದು ಬರೆದ ಕಿಂಡಿಗಳ ನಡುವೆ ವೈರ್ ಕೊಟ್ಟು ಇಗ್ನಿಷನ್ ಆನ್ ಮಾಡಿದರೆ ಪಂಪ್ ಮಾತ್ರ ಓಡುತ್ತದೆ. ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ಸೋರಿಕೆ ನೋಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ವೈರ್ ತೆಗೆದು ಸ್ಟಾರ್ಟ್ ಮಾಡಿ. ಮೊದಲ ಕೆಲ ನಿಮಿಷ ವಾಲ್ವ್ ಕಡೆಯಿಂದ ಟಿಕ್ ಟಿಕ್ ಸದ್ದು ಬಂದರೆ ಗಾಬರಿ ಬೇಡ, ಹೈಡ್ರಾಲಿಕ್ ಲಿಫ್ಟರ್‌ಗಳಿಗೆ ಎಣ್ಣೆ ತುಂಬುತ್ತಿದೆ. ಇಪ್ಪತ್ತು ನಿಮಿಷ ಓಡಿಸಿ, ಆಯಿಲ್ ಮತ್ತು ಫಿಲ್ಟರ್ ಇನ್ನೊಮ್ಮೆ ಬದಲಿಸಿ.

ಟೈರ್ ಪಕ್ಕದ ನಾಲ್ಕಂಕಿ ಓದಿ. 2309 ಎಂದರೆ 2009ರ 23ನೇ ವಾರ. ಹತ್ತು ವರ್ಷ ದಾಟಿದ್ದರೆ ಬಟನ್ ಎಷ್ಟೇ ಆಳವಿರಲಿ, ಕಿತ್ತು ಹಾಕಿ. ಗೇರ್ ಬಾಕ್ಸಿಗೆ ಎರಡು ಲೀಟರ್ 75ಡಬ್ಲ್ಯು-90 ಬೇಕು. ಹಳೆಯದನ್ನು ಇಳಿಸುವ ಮೊದಲು ಮೇಲಿನ ತುಂಬುವ ಬೋಲ್ಟ್ ಬಿಚ್ಚಲು ಬರುತ್ತದೆಯೇ ಖಚಿತ ಮಾಡಿಕೊಳ್ಳಿ.

ಮೊದಲ ಓಟ ಐದು ಕಿಲೋಮೀಟರ್ ಸಾಕು. ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಒಂದು ಮಾತ್ರ ಕಾದಿದ್ದರೆ ಆ ಕ್ಯಾಲಿಪರ್ ಇನ್ನೂ ಹಿಡಿದಿದೆ, ಬಿಚ್ಚಿ ಮತ್ತೆ ನೋಡಬೇಕು.